ಯಶೋದಾಳ ಗಾಡಿಯ ಘಾಟು

ನನ್ನ ಸೊಸೆ ಯಶೋದಾ ಗಾಡಿ ಓಡಿಸುತ್ತಾಳೆ. ಸ್ಕೂಟಿಯಲ್ಲ, ಕಾರು. ಬೆಳಿಗ್ಗೆ ಕೆ.ಬಿ. ಬಡಾವಣೆಯಲ್ಲಿ ನಾಲ್ಕು ಜನ ಟೀಚರಮ್ಮಂದಿರನ್ನು ಹತ್ತಿಸಿಕೊಂಡು ಹರಿಹರದ ಶಾಲೆಗೆ ಬಿಡುವುದು, ಸಂಜೆ ಅವರನ್ನು ತಿರುಗಿ ಕರೆತರುವುದು ಅವಳ ಕೆಲಸ. ನಡುವೆ ಯಾರಾದರೂ ಆಸ್ಪತ್ರೆಗೋ ಮದುವೆ ಮನೆಗೋ ಕರೆದರೆ ಹೋಗುತ್ತಾಳೆ. ಅವಳ ವಿಷಯ ಬರೆಯೋಣ ಎಂದು ಕೂತವಳು ನಾನು. ಬರೆಯುತ್ತಾ ಹೋದಂತೆ ಅವಳು ಹಿಂದೆ ಸರಿದು ನನ್ನ ಪೆದ್ದುತನವೇ ಮುಂದೆ ಬಂದು ನಿಲ್ಲುತ್ತಿದೆ. ಅದನ್ನು ಪಕ್ಕಕ್ಕೆ ತಳ್ಳಿ ಅವಳ ಕಥೆ ಹೇಳಲು ಬರುವುದಿಲ್ಲ.

ಅವಳ ತವರು ಗುತ್ತೂರು. ಅಪ್ಪ ಬಂಗಾರಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಮ್ಮ ಹರೀಶನಿಗೆ ಹೆಣ್ಣು ನೋಡಲು ಹೋದಾಗ ಅವಳು ಅವಲಕ್ಕಿ ತಟ್ಟೆ ಹಿಡಿದು ಬಂದಳು. ಉಗುರಿನ ಸಂದಿಯಲ್ಲೆಲ್ಲ ಕಪ್ಪು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಮನೆಯವರಿಗೆ ಹೇಳಿದ್ದೆ, "ಹುಡುಗಿ ಕೆಲಸಗಾತಿ ಕಣ್ರೀ. ಮಸಿ ಪಾತ್ರೆ ತಿಕ್ಕಿ ತಿಕ್ಕಿ ಉಗುರು ಹೆಂಗಾಗೈತೆ ನೋಡಿದ್ರಾ?" ಆಮೇಲೆ ತಿಳಿಯಿತು, ಅದು ಪಾತ್ರೆಯ ಮಸಿಯಲ್ಲ, ಟ್ರ್ಯಾಕ್ಟರಿನ ಗ್ರೀಸು. ಪಾತ್ರೆ ತಿಕ್ಕುವುದರಲ್ಲಿ ಅವಳು ಈಗಲೂ ಅಷ್ಟಕ್ಕಷ್ಟೆ.

ಮದುವೆಯಾದ ಮೇಲೆ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾ ಕೆಲವು ವರ್ಷ ಕಳೆದಳು. ಕೂತು ಕೂತು ಸೊಂಟ ನೋವು ಎಂದಳು. ಹಂಗಾದರೆ ನಿಲ್ಲುವ ಕೆಲಸ ಹುಡುಕುತ್ತಾಳೆ ಎಂದುಕೊಂಡೆ. ಅವಳು ಮತ್ತೂ ಕೂರುವ ಕೆಲಸವನ್ನೇ ಹುಡುಕಿದಳು. ಹಳೆಯದೊಂದು ಕಾರು ಕೊಳ್ಳೋಣ ಎಂದಾಗ ಹರೀಶ ಹ್ಞೂಂ ಎಂದ. ಅವನು ಗುತ್ತೂರು ಕಡೆಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಮೇಲೆ ದುಡಿಯುವವನು, ಅರ್ಧ ನಿದ್ದೆಯಲ್ಲಿ ಎಲ್ಲದಕ್ಕೂ ಹ್ಞೂಂ ಎನ್ನುತ್ತಾನೆ. ನಾನು ಮಾತ್ರ ಕೇಳಿದೆ, "ಅಲ್ಲವ್ವಾ, ಹೆಣ್ಣುಮಗಳು ಓಡಿಸೋ ಗಾಡಿಗೆ ಯಾರು ಹತ್ತತಾರೆ?"

"ಹೆಣ್ಮಕ್ಳು ಹತ್ತತಾರೆ ಅತ್ತೆ," ಎಂದಳು.

ಹಂಗೇ ಆಯಿತು. ಮೊದಲು ಒಬ್ಬರು ಟೀಚರು, ಅವರನ್ನು ನೋಡಿ ಇನ್ನೊಬ್ಬರು, ಹೀಗೆ ಗಾಡಿ ತುಂಬಿತು. ನಿಟ್ಟುವಳ್ಳಿಯ ನಮ್ಮ ಬೀದಿ ಇರುವುದೇ ಸಣ್ಣದು. ಆಟೋದವರು, ಹಾಲಿನವರು, ಮನೆ ಮುಂದೆ ನಿಲ್ಲಿಸಿದ ಬೈಕುಗಳು, ಇವುಗಳ ನಡುವೆ ಅವಳು ಗಾಡಿಯನ್ನು ಹಿಂದೆ ತೆಗೆಯುವುದನ್ನು ಜನ ಕೆಲಸ ಬಿಟ್ಟು ನೋಡುತ್ತಿದ್ದರು. ನೋಡುವುದೆಂದರೆ ಎಂಥಾ ನೋಟ! ದೃಷ್ಟಿಯಾಗದೆ ಇರುತ್ತದೆಯೇ? ಅದಕ್ಕೆ ಅಮಾವಾಸ್ಯೆಯ ದಿನ ಒಂದು ನಿಂಬೆಹಣ್ಣು, ಮೇಲೆ ಕೆಳಗೆ ಮೆಣಸಿನಕಾಯಿ ಪೋಣಿಸಿ ಗಾಡಿಯ ಮೂತಿಗೆ ಕಟ್ಟಿದೆ.

ಮರುದಿನ ಅದನ್ನು ಸುನೀತಾ ಟೀಚರು ನೋಡಿದರು. ಅವರು ವಿಜ್ಞಾನ ಕಲಿಸುವವರು. "ಏನ್ ಯಶೋದಾ, ಇಂಜಿನ್ ಡೀಸೆಲ್ ಮೇಲೆ ಓಡುತ್ತಾ, ನಿಂಬೆಹಣ್ಣಿನ ಮೇಲಾ?" ಎಂದರಂತೆ. ಎಲ್ಲರೂ ನಕ್ಕರಂತೆ. ಸಂಜೆ ಮನೆಗೆ ಬಂದವಳು ಸರವನ್ನು ಬಿಚ್ಚಿ ತುಳಸಿ ಕಟ್ಟೆಯ ಪಕ್ಕ ಇಟ್ಟಳು. "ಬ್ಯಾಡ ಅತ್ತೆ, ಮೇಡಂನೋರು ನಗತಾರೆ," ಎಂದಳಷ್ಟೆ.

ನಾನು ಆಯಿತು ಎಂದೆ. ಎಂದು ಸುಮ್ಮನಿರಲಿಲ್ಲ. ನಗುವವರ ಕಣ್ಣಿಗೆ ಕಂಡರೆ ತಾನೇ ನಗುವುದು? ಮುಂದಿನ ಅಮಾವಾಸ್ಯೆಗೆ ಅವಳು ಸ್ನಾನಕ್ಕೆ ಹೋದಾಗ ಬಾನೆಟ್ ಎತ್ತಿ, ಬಳೆ ಬಿಚ್ಚಿಟ್ಟು, ಇಂಜಿನ್ನಿನ ಹಿಂದುಗಡೆ ಕೈ ತೂರಿಸಿ, ಯಾವುದೋ ಕೊಳವೆಗೆ ಸರ ಕಟ್ಟಿದೆ. ಅಲ್ಲಿಗೆ ನನ್ನಂಥವಳ ಒಣಗಿದ ಕೈ ಮಾತ್ರ ಹೋಗುತ್ತದೆ. ಅದರ ಮುಂದಿನ ಅಮಾವಾಸ್ಯೆಗೆ ನೋಡಿದರೆ ಸರವೇ ಇಲ್ಲ! ನನಗೆ ಮೈ ಜುಮ್ಮೆಂದಿತು. ದೃಷ್ಟಿಯನ್ನೆಲ್ಲ ಹೀರಿಕೊಂಡು ಸರ ತಾನಾಗಿ ಮಾಯವಾಗಿದೆ, ಅಷ್ಟು ಜೋರಾಗಿತ್ತು ಜನರ ಕಣ್ಣು! ಇನ್ನೊಂದು ಕಟ್ಟಿದೆ. ಅದೂ ಮಾಯ. ಪ್ರತಿ ಸಲವೂ ಕಟ್ಟಿದೆ, ಪ್ರತಿ ಸಲವೂ ಮಾಯ. ಯಾರಿಗೂ ಹೇಳಲಿಲ್ಲ. ನಾನೊಬ್ಬಳೇ ಇಡೀ ಗಾಡಿಯನ್ನು ಕಾಯುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಚಳಿಗಾಲದಲ್ಲಿ ಘಾಟಿನ ಮಾತು ಶುರುವಾಯಿತು. ಚಳಿಗೆ ಗಾಜು ಏರಿಸಿ ಫ್ಯಾನು ಹಾಕಿದರೆ ಸಾಕು, ಹಿಂದೆ ಕೂತವರು ಕೆಮ್ಮುತ್ತಿದ್ದರಂತೆ. ಒಬ್ಬರು ಎಣ್ಣೆ ಸುಟ್ಟ ವಾಸನೆ ಎಂದರೆ ಇನ್ನೊಬ್ಬರು ರಬ್ಬರು ಎಂದರು. ಯಶೋದಾ ತನ್ನ ಪಕ್ಕದ ಗಾಜು ಯಾವಾಗಲೂ ಇಳಿಸಿಯೇ ಓಡಿಸುವವಳು, ಅವಳಿಗೆ ಅಷ್ಟು ಗೊತ್ತಾಗುತ್ತಿರಲಿಲ್ಲ. ನನ್ನನ್ನು ಗಾಡಿಯೊಳಗೆ ಕೂರಿಸಿ, "ಅತ್ತೆ, ಏನಾರ ವಾಸನೆ ಬರತೈತಾ ನೋಡ್ರಿ," ಎಂದಳು. ನಾನು ಕಣ್ಣು ಮುಚ್ಚಿ, ದೀರ್ಘವಾಗಿ ಎಳೆದು, "ಏನೂ ಇಲ್ಲ ತಗಿ, ಮಲ್ಲಿಗೆ ಇದ್ದಂಗೈತೆ," ಎಂದೆ. ನಲವತ್ತು ವರ್ಷದಿಂದ ನಶ್ಯ ಏರಿಸಿದ ಮೂಗು ಇದು. ಇದರ ಮುಂದೆ ಬೂದಿಯೂ ಒಂದೇ, ಮಲ್ಲಿಗೆಯೂ ಒಂದೇ. ಆದರೂ ಕೇಳಿದವರಿಗೆ ಹೇಳಿಬಿಟ್ಟೆ. ಕೇಳಿದರೆ ಹೇಳದೆ ಇರುವುದು ನನ್ನಿಂದ ಆಗುವುದಿಲ್ಲ.

ಮೂಗು ಹೋದರೇನು, ಕಿವಿ ಗಟ್ಟಿ. ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಯಶೋದಾಳಿಗೆ ಫೋನು ಬಂತು. ರೊಟ್ಟಿ ಬಡಿಯುತ್ತಿದ್ದ ನಾನು ಬಡಿಯುವುದನ್ನು ನಿಲ್ಲಿಸಿದೆ. ಸುನೀತಾ ಟೀಚರ ದನಿ.

"ಬೇಜಾರ್ ಮಾಡ್ಕೋಬೇಡ ಯಶೋದಾ. ನನಗೆ ದಮ್ಮು ಇದೆ, ನಿನಗೆ ಗೊತ್ತು. ಈ ವಾರ ಎರಡು ಸಲ ಎದೆ ಕಟ್ಟಿತು. ಉಳಿದವರೂ ಬೇಡ ಅಂತಿದಾರೆ. ಸೋಮವಾರದಿಂದ ಒಂದು ವ್ಯಾನಿನವರು ಬರ್ತೀವಿ ಅಂದಿದಾರೆ."

"ಮೇಡಂ, ಈ ಭಾನುವಾರ ಪೂರ್ತಿ ತೆಗೆದು ಕ್ಲೀನ್ ಮಾಡ್ತೀನಿ. ಸಂಜೆ ಒಂದ್ಸಲ ಕೂತು ನೋಡ್ರಿ. ಆಮ್ಯಾಲೆ ನೀವು ಹೆಂಗಂತೀರೋ ಹಂಗೆ."

"ನೋಡೋಣ. ಸಂಜೆ ಬರ್ತೀನಿ. ಆದರೆ ಆಗಲೂ ವಾಸನೆ ಬಂದರೆ ನನ್ನನ್ನ ಏನೂ ಅನ್ನಬೇಡ."

ಆ ರಾತ್ರಿ ಅವಳು ಒಂದೇ ರೊಟ್ಟಿ ತಿಂದಳು. ನಾಲ್ಕು ಜನ ಟೀಚರು ಬಿಟ್ಟರೆ ಆ ಗಾಡಿ ಗಾಡಿಯಲ್ಲ, ಬಾಗಿಲ ಮುಂದೆ ನಿಂತ ಕಬ್ಬಿಣ. ಅವಳು ಮತ್ತೆ ಬಿಲ್ಲು ಬರೆಯಲು ಹೋಗಬೇಕು. ನಮ್ಮ ಬೀದಿಯ ಜನ, "ನಾವಾಗಲೇ ಅಂದಿರಲಿಲ್ವಾ," ಎನ್ನಲು ಬಾಯಿ ತೆರೆದೇ ಕಾಯುತ್ತಿದ್ದರು.

ಮೆಕ್ಯಾನಿಕ್ ಮೌಲಾ ಸಾಬ್ ನಮ್ಮ ಹಿಂದಿನ ಬೀದಿಯವನು. ಇಂಜಿನ್ನಿನ ಮೇಲಿನ ಮುಚ್ಚಳದಿಂದ ಎಣ್ಣೆ ಜಿನುಗುತ್ತಿದೆ ಎಂದು ಆಗಲೇ ಪ್ಯಾಕಿಂಗ್ ಬದಲಿಸಿ ಕೊಟ್ಟಿದ್ದ. "ಹಳೇ ಎಣ್ಣೆ ಎಲ್ಲಾ ಕಡೆ ಮೆತ್ತಿಕೊಂಡೈತೆ ಬೇಟಿ. ಮೊದಲು ತೊಳಿ. ತೊಳೆದ ಮ್ಯಾಲೆ ಮತ್ತೆ ಎಲ್ಲಾದ್ರೂ ಜಿನುಗಿದ್ರೆ ಕಾಣತೈತೆ. ನೀರು ಸುರೀಬ್ಯಾಡ, ಹುಷಾರು," ಎಂದು ಹೇಳಿ ಜಿಡ್ಡು ಬಿಡಿಸುವ ಎಣ್ಣೆಯಂಥದೊಂದು ಬಾಟಲಿ ಕೊಟ್ಟ. ಮಧ್ಯಾಹ್ನ ತಾನೂ ಬರುತ್ತೇನೆ ಎಂದ.

ಭಾನುವಾರ ಬೆಳಿಗ್ಗೆ ಯಶೋದಾ ಮನೆ ಮುಂದೆ ಬಾನೆಟ್ ಎತ್ತಿದಳು. ನಾನು ಆಗಲೇ ತಯಾರಾಗಿ ನಿಂತಿದ್ದೆ, ಒಂದು ಕೈಯಲ್ಲಿ ತೆಂಗಿನ ನಾರು, ಇನ್ನೊಂದರಲ್ಲಿ ಹುಣಸೆಹಣ್ಣು.

"ಅದೇನಕ್ಕೆ ಅತ್ತೆ ಹುಣಸೆಹಣ್ಣು?"

"ತಾಮ್ರದ ಹಂಡೆ ಹೆಂಗೆ ಬೆಳಗತೈತೆ ಇದರಾಗೆ! ಇಂಜಿನ್ನು ಹಂಡೆಗಿಂತ ಹೆಚ್ಚೇನು?"

ಅವಳು ನಗಲಿಲ್ಲ, ಬೈಯಲೂ ಇಲ್ಲ. ಹುಣಸೆಹಣ್ಣನ್ನು ನನ್ನ ಕೈಯಿಂದ ತೆಗೆದು ಕಟ್ಟೆಯ ಮೇಲಿಟ್ಟು, "ಇದು ಮಧ್ಯಾಹ್ನ ಸಾರಿಗಿರಲಿ," ಎಂದಳು. ಅವಳ ರೀತಿಯೇ ಹಾಗೆ. ಬೇಡ ಎನ್ನುವ ಬದಲು ಇನ್ನೊಂದು ಕಡೆ ದಾರಿ ತೋರಿಸುತ್ತಾಳೆ.

ಮೊದಲು ಬ್ಯಾಟರಿಯ ಒಂದು ತಂತಿ ಬಿಚ್ಚಬೇಕಿತ್ತು. ಬ್ಯಾಟರಿಯ ತಲೆಯ ಮೇಲೆ ಬೆಳ್ಳಗೆ ಪುಡಿ ಕೂತಿತ್ತು. ಆಯುಧ ಪೂಜೆಗೆ ನಾನೇ ಬಾನೆಟ್ಟಿಗೆ ವಿಭೂತಿ ಹಚ್ಚಿದ್ದೆ. ಇಷ್ಟು ದಿನವಾದರೂ ಒಳಗೆ ಉಳಿದಿದೆಯಲ್ಲ ಎಂದು ಭಕ್ತಿ ಉಕ್ಕಿ, ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಳ್ಳಲು ಹೋದೆ. ಯಶೋದಾ ಗಬಕ್ಕನೆ ಮುಂಗೈ ಹಿಡಿದಳು.

"ಅಯ್ಯೋ ಅತ್ತೆ! ಅದು ಬ್ಯಾಟ್ರಿ ಆಸಿಡ್ ಉಕ್ಕಿ ಕಟ್ಟಿದ ಉಪ್ಪು! ಹಣೆ ಸುಟ್ಟೀತು, ಕೈ ತೊಳೀರಿ ಮೊದಲು!"

ಜಗಲಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ ನಮ್ಮ ಮನೆಯವರು ಇದೆಲ್ಲ ನೋಡುತ್ತಿದ್ದರು. ಅವರ ಹೆಸರನ್ನು ನಾನು ಬಾಯಲ್ಲಿ ಹೇಳುವುದಿಲ್ಲ. ಬರೆದರೆ ತಪ್ಪಿಲ್ಲ, ಸಣ್ಣಬೀರಪ್ಪ. "ಹಚ್ಕೊಳ್ಳಲಿ ಬಿಡವ್ವ, ಚಾರ್ಜಾದ್ರೂ ಆದಾಳು," ಎಂದರು.

ಅವಳು ಕೆಲಸ ಮಾಡುವುದನ್ನು ನೋಡಬೇಕು. ತೊಳೆದು ಒಣಗಿಸಿಟ್ಟ ಹಾಲಿನ ಪ್ಯಾಕೆಟ್ಟುಗಳನ್ನು ತಂದು, ನೀರು ತಾಗಬಾರದ ಜಾಗಕ್ಕೆಲ್ಲ ಟೋಪಿಯಂತೆ ಹಾಕಿ ರಬ್ಬರು ಬಿಗಿದಳು. ಫ್ಯೂಸಿನ ಡಬ್ಬಿಗೆ ಒಂದು, ಗಾಳಿ ಎಳೆಯುವ ಬಾಯಿಗೆ ಒಂದು, ಕರೆಂಟು ಹುಟ್ಟಿಸುವ ಉಂಡೆಗೆ ಒಂದು. ಶೀತಕ್ಕೆ ತಲೆಗೆ ಬಟ್ಟೆ ಕಟ್ಟಿಸಿಕೊಂಡ ಕೂಸುಗಳ ಹಾಗೆ ಕಂಡವು. ಬಿಚ್ಚಿದ ಬೋಲ್ಟುಗಳನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಬಿಚ್ಚಿದ ಸಾಲಿನಲ್ಲೇ ಜೋಡಿಸಿಟ್ಟಳು. ಒಣ ಬ್ರಷ್ಷಿನಲ್ಲಿ ಧೂಳು, ಒಣಗಿದ ಎಲೆ ಉದುರಿಸಿದಳು. ಆಮೇಲೆ ಜಿಡ್ಡಿನ ಮೇಲೆ ಮೌಲಾ ಸಾಬನ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೇಲಿನಿಂದ ಕೆಳಕ್ಕೆ ಉಜ್ಜುತ್ತಾ, ಹಿಂಡಿದ ಬಟ್ಟೆಯಲ್ಲಿ ಒರೆಸುತ್ತಾ ಬಂದಳು. ಆ ಬ್ರಷ್ಷುಗಳಲ್ಲಿ ಒಂದು ನನ್ನದೇ. ಹಳೆಯದಲ್ಲ, ಆ ದಿನ ಬೆಳಿಗ್ಗೆಯವರೆಗೂ ನಾನು ಉಜ್ಜುತ್ತಿದ್ದದ್ದು. ಹೇಳಲಿಲ್ಲ. ಅವಳ ಮುಖದಲ್ಲಿ ಬ್ರಷ್ಷಿನ ಮಾತು ಕೇಳುವ ಜಾಗ ಇರಲಿಲ್ಲ.

ನಡುವೆ ನಮ್ಮ ಮನೆಯವರು ನಲ್ಲಿಗೆ ಪೈಪು ಸಿಕ್ಕಿಸಿಕೊಂಡು ಬಂದರು. "ಎಷ್ಟೊತ್ತು ತಿಕ್ಕತಿಯವ್ವ, ಸರಿ ಪಕ್ಕಕ್ಕೆ. ಎಮ್ಮೆ ತೊಳೆದಂಗೆ ಒಂದೇ ಸಲ ತೊಳೆದು ಬಿಡ್ತೀನಿ."

"ಮಾವ, ಎಮ್ಮೆಗೆ ವೈರ್ ಇರಾದಿಲ್ಲ. ಆ ನೀರು ಗಿಡಕ್ಕೆ ಬಿಡ್ರಿ," ಎಂದಳು. ಮಾವ ಗಿಡದ ಕಡೆ ಹೋದರು. ನಾನು ಹೇಳಿದ್ದರೆ ಗಾಡಿಯ ಜೊತೆ ನನ್ನನ್ನೂ ತೊಳೆಯುತ್ತಿದ್ದರು.

ಮುಂದಿನ ಭಾಗ ಫಳಫಳ ಹೊಳೆಯತೊಡಗಿತು. ಅವಳು ಟಾರ್ಚು ಹಿಡಿದು ಹಿಂಭಾಗಕ್ಕೆ ಬಾಗಿದಳು. ಸೈಲೆನ್ಸರ್ ಪೈಪು ಇಂಜಿನ್ನಿನಿಂದ ಹೊರಡುವ ಕಡೆ ಒಂದು ತಗಡು ಮುಚ್ಚಿರುತ್ತದೆ. ಅದನ್ನು ಬಿಚ್ಚಿ ಈಚೆ ತೆಗೆದಳು. ಟಾರ್ಚನ್ನು ಇನ್ನೂ ಹತ್ತಿರ ಹಿಡಿದಳು.

"ಇದೇನಿದು..." ಎಂದಳು.

ಕೈ ಹಾಕಿ ಒಂದೊಂದೇ ಎತ್ತಿ ಇನ್ನೊಂದು ಡಬ್ಬಿಯ ಮುಚ್ಚಳದಲ್ಲಿ ಇಟ್ಟಳು. ಇದ್ದಿಲಂತೆ ಕರಿಕಾಗಿ ಸುರುಟಿಕೊಂಡ ಮೆಣಸಿನಕಾಯಿಗಳು. ಕೆಲವು ಪೂರ್ತಿ ಸುಟ್ಟಿದ್ದವು, ಕೆಲವು ಅರ್ಧ. ಒಂದಕ್ಕೆ ಇನ್ನೂ ಕೆಂಪು ಉಳಿದಿತ್ತು, ಅದು ಹೋದ ಅಮಾವಾಸ್ಯೆಯದು ಇರಬೇಕು. ಗೋಲಿಯಂತೆ ಒಣಗಿ ಗಟ್ಟಿಯಾದ ನಿಂಬೆಹಣ್ಣುಗಳು. ಮುಟ್ಟಿದರೆ ಪುಡಿಯಾಗುವ ದಾರದ ತುಂಡುಗಳು.

ಸರಗಳು ಎಲ್ಲಿಗೂ ಮಾಯವಾಗಿರಲಿಲ್ಲ. ಕಾವಿಗೆ ದಾರ ಸುಟ್ಟು, ಕಾಯೆಲ್ಲ ಕಳಚಿ ತಗಡಿನ ಸಂದಿಗೆ ಬಿದ್ದು, ಪ್ರತಿದಿನ ಹರಿಹರದವರೆಗೂ ಹದವಾಗಿ ಹುರಿಯುತ್ತಿದ್ದವು. ಹುರಿದ ಘಾಟು ಫ್ಯಾನಿನ ಬಾಯಿಂದ ನೇರ ಟೀಚರುಗಳ ಗಂಟಲಿಗೆ.

ಯಶೋದಾ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಬೀದಿ ಕಡೆ ನೋಡಿದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಅತ್ತೆ."

"ಹ್ಞಾಂ."

"ಇವು ಎಷ್ಟು ಅಮಾಸೆದು?"

"ಎಣಿಸಿಲ್ಲವ್ವ," ಎಂದೆ. "ನಿನ್ನ ಒಳ್ಳೇದಕ್ಕೇ..." ಎಂದು ಶುರುಮಾಡಿದೆ.

ಅಷ್ಟರಲ್ಲಿ ಮೌಲಾ ಸಾಬ್ ಬಂದ. ಮುಚ್ಚಳದೊಳಗೆ ಬಗ್ಗಿ ನೋಡಿ, ಒಂದನ್ನು ಎತ್ತಿ ಮೂಸಿ, ಎರಡು ಸಲ ಸೀನಿ ನನ್ನ ಕಡೆ ತಿರುಗಿದ. "ಅರೇ ದುರುಗಮ್ಮಾ! ಇಷ್ಟು ಒಳ್ಳೇ ಮೆಣಸಿನಕಾಯಿ ಹುರಿದೀರಿ, ಒಂದಿಷ್ಟು ಮಂಡಕ್ಕಿನೂ ಹಾಕಬಾರದಿತ್ತಾ? ಮೇಡಂನೋರು ಹರಿಹರ ಮುಟ್ಟೋದರೊಳಗೆ ತಿಂಡಿ ಆಗಿಹೋಗ್ತಿತ್ತು!"

ಜಗಲಿಯಿಂದ ನಮ್ಮ ಮನೆಯವರು ದನಿಗೂಡಿಸಿದರು. "ಸಾಬ್ರೇ, ದೃಷ್ಟಿ ತೆಗೆದು ಮೆಣಸಿನಕಾಯಿ ಬೆಂಕಿಗೆ ಹಾಕಿದಾಗ ಘಾಟು ಬಂದ್ರೆ ಏನು ಅರ್ಥ? ದೃಷ್ಟಿ ಇಲ್ಲ ಅಂತ. ದಿನಾ ಘಾಟು ಬಂದೈತೆ. ಅಂದ್ರೆ ನಮ್ಮ ಸೊಸಿಗೆ ಯಾರ ಕಣ್ಣೂ ಬಿದ್ದಿಲ್ಲ. ನೋಡ್ರಿ, ಇವಳು ಅದನ್ನಾದ್ರೂ ಪತ್ತೆ ಮಾಡಿದ್ಲು."

ಮೌಲಾ ಸಾಬ್ ನಕ್ಕು ಮುಗಿಸಿ, ಆಮೇಲೆ ದನಿ ತಗ್ಗಿಸಿದ. "ತಮಾಷೆ ಸಾಕು. ಇಲ್ಲಿ ಎಣ್ಣೆನೂ ಇತ್ತು, ಒಣ ದಾರನೂ ಇತ್ತು. ಒಂದು ಕಿಡಿ ಹತ್ತಿದ್ರೆ ರಸ್ತೆ ಮ್ಯಾಲೆ ಗಾಡಿ ಹೋಗ್ತಿತ್ತು ಅಮ್ಮಾ. ಒಳಗೆ ಮಂದಿ ಇರ್ತಾರೆ."

ಅದನ್ನು ಕೇಳಿದ ಮೇಲೆ ನಾನು ಹೋಗಿ ಕಟ್ಟೆಯ ಮೇಲೆ ಕೂತೆ. ಕಾಯುತ್ತಿದ್ದೇನೆ ಎಂದುಕೊಂಡು ಕೂತವಳು ಸೊಸೆಯ ಸೀಟಿನ ಮುಂದೆ ಒಲೆ ಹೂಡಿದ್ದೆ. ಯಶೋದಾ ಬಂದು ಒಂದು ಹಳೇ ಬನಿಯನ್ ತುಂಡನ್ನು ನನ್ನ ಕೈಗಿಟ್ಟಳು. "ಅತ್ತೆ, ನಿಮ್ಮ ಕೈ ಸಣ್ಣದು, ಹಿಂದಿನ ಸಂದಿಗೆ ನನ್ನ ಕೈ ಹೋಗಲ್ಲ. ಅಲ್ಲಿ ಒರೆಸಿ ಕೊಡ್ರಿ. ಒಂದು ಬೀಜನೂ ಉಳಿಬಾರದು."

ಬಳೆ ಬಿಚ್ಚಿಟ್ಟು ಒರೆಸಿದೆ. ಅಷ್ಟು ಶ್ರದ್ಧೆಯಿಂದ ನಾನು ದೇವರ ಮನೆಯನ್ನೂ ಒರೆಸಿದವಳಲ್ಲ. ಆ ಕೈಯಲ್ಲೇ ಕಣ್ಣೂ ಉಜ್ಜಿಕೊಂಡೆ. ಆಮೇಲೆ ಏನಾಯಿತೆಂದು ಬರೆಯುವ ಅಗತ್ಯವಿಲ್ಲ. ಮನೆಯವರು ಗಿಡಕ್ಕೆ ಬಿಡುತ್ತಿದ್ದ ಪೈಪನ್ನು ನನ್ನ ಮುಖಕ್ಕೆ ಹಿಡಿದರು, ಅವರ ಆಸೆಯೂ ತೀರಿತು.

ಬಿಸಿಲಲ್ಲಿ ಎಲ್ಲ ಒಣಗಿದ ಮೇಲೆ ಅವಳು ಟೋಪಿಗಳನ್ನು ತೆಗೆದು, ತಗಡು ಕೂರಿಸಿ, ಮುಚ್ಚಳದಲ್ಲಿ ಜೋಡಿಸಿಟ್ಟ ಬೋಲ್ಟುಗಳನ್ನು ಸಾಲಿನ ಕೊನೆಯಿಂದ ಹಾಕುತ್ತಾ ಬಂದು, ಕೊನೆಗೆ ಬ್ಯಾಟರಿಯ ತಂತಿ ಬಿಗಿದಳು. ಕೀಲಿ ತಿರುಗಿಸಿದಳು. ಗಾಡಿ ಒಂದು ಸಲ ಗುರ್ರೆಂದು ಶುರುವಾಯಿತು. ಸದ್ದು ಸರಿಯಿತ್ತು. ವಾಸನೆಯ ವಿಷಯ ನನ್ನನ್ನು ಯಾರೂ ಕೇಳಲಿಲ್ಲ.

"ಮೇಡಂ ಕೇಳಿದ್ರೆ ಬೆಲ್ಟು ಸುಟ್ಟಿತ್ತು, ಬದಲಿಸಿದೀವಿ ಅನ್ನು ಬೇಟಿ," ಎಂದು ಮೌಲಾ ಸಾಬ್ ಹೇಳಿಕೊಟ್ಟ. ಯಶೋದಾ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಸಂಜೆ ಕೆ.ಬಿ. ಬಡಾವಣೆಗೆ ಹೊರಟಾಗ ನಾನೂ ಹತ್ತಿದೆ. ಯಾರೂ ಕರೆದಿರಲಿಲ್ಲ. ಸುನೀತಾ ಟೀಚರು ಹಿಂದೆ ನನ್ನ ಪಕ್ಕ ಕೂತರು. ತೆಳ್ಳಗಿನ ಹೆಂಗಸು, ಕೈಯಲ್ಲಿ ದಮ್ಮಿಗೆ ಎಳೆದುಕೊಳ್ಳುವ ಔಷಧಿಯ ಕೊಳವೆ. "ಗಾಜು ಪೂರ್ತಿ ಏರಿಸು. ಫ್ಯಾನ್ ಜೋರಾಗಿ ಇಡು. ಹರಿಹರದ ತನಕ ಹೋಗೋಣ," ಎಂದರು.

ದಾರಿಯುದ್ದಕ್ಕೂ ಅವರು ಮೂಗು ಚುರುಕು ಮಾಡಿಕೊಂಡು ಕೂತರು, ನಾನು ಅವರ ಉಸಿರು ಕೇಳಿಕೊಂಡು ಕೂತೆ. ಒಂದು ಕಡೆ ಅವರು ಗಂಟಲು ಸರಿಮಾಡಿಕೊಂಡರು. ಯಶೋದಾಳ ಹೆಗಲು ಬಿಗಿಯಾಯಿತು. ಕೆಮ್ಮು ಬರಲಿಲ್ಲ. ತುಂಗಭದ್ರೆಯ ಸೇತುವೆ ಕಂಡಿತು. ಕೊಳವೆ ಹಾಗೇ ಅವರ ಮಡಿಲಲ್ಲೇ ಇತ್ತು.

"ವಾಸನೆ ಇಲ್ಲ," ಎಂದರು ಟೀಚರು. "ಏನಾಗಿತ್ತು ಯಶೋದಾ?"

ಯಶೋದಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಅವಳು ಬೆಲ್ಟು ಎನ್ನುವುದಿಲ್ಲ ಎಂದು ನನಗೆ ಗೊತ್ತಾಯಿತು. ಅತ್ತೆ ಮಾಡಿದ್ದು ಎಂದು ಸಹ ಅನ್ನುವುದಿಲ್ಲ ಎಂದು ಗೊತ್ತಾಯಿತು. ಸುಮ್ಮನೇ ಇದ್ದು ಕೆಲಸ ಕಳೆದುಕೊಳ್ಳುವ ಪೈಕಿ ಅವಳು.

"ಮೆಣಸಿನಕಾಯಿ ರೀ ಮೇಡಂ," ಎಂದೆ ನಾನು.

"ಏನು?"

ಎಲ್ಲ ಹೇಳಿದೆ. ನಿಂಬೆಹಣ್ಣಿನ ಮಾತಿಗೆ ನನಗೆ ಬೇಜಾರಾದದ್ದು, ಒಳಗೆ ಕಟ್ಟಿದ್ದು, ಮಾಯವಾಗಿದೆ ಎಂದು ಮೈ ಜುಮ್ಮೆಂದದ್ದು, ಮಲ್ಲಿಗೆ ಎಂದದ್ದು. "ತಪ್ಪು ನಂದು ಮೇಡಂ. ಬಿಡಾದಾದ್ರೆ ನನ್ನ ಬಿಡ್ರಿ, ಗಾಡಿ ಬಿಡಬ್ಯಾಡ್ರಿ," ಎಂದೆ.

ಟೀಚರು ಮೊದಲು ಸೆರಗು ಬಾಯಿಗೆ ಹಿಡಿದರು. ಹೆಗಲು ಅಲುಗತೊಡಗಿತು. ಎದೆ ಕಟ್ಟಿತೇನೋ ಎಂದು ನಾನು ಗಾಬರಿಯಾಗಿ ಅವರ ಬೆನ್ನು ಸವರತೊಡಗಿದೆ. ನೋಡಿದರೆ ನಗು. "ಅಲ್ಲ ಅವ್ವಾ, ನಾನು ಡಾಕ್ಟರ ಹತ್ರ ಹೋಗಿ ಎಕ್ಸ್‌ರೇ ತೆಗೆಸಿದೆ! ಇನ್ಮೇಲೆ ನಿಮ್ಮ ಔಷಧಿ ಬೇಡ, ದಯವಿಟ್ಟು!" ಎಂದರು. ನಗುತ್ತಲೇ ಫೋನು ತೆಗೆದು ಯಾರಿಗೋ ಹಚ್ಚಿದರು.

"ಹಲೋ, ವ್ಯಾನಿನವರಾ? ನಾಳೆ ಬರಬೇಡ್ರಿ. ಇಲ್ಲ, ಇಲ್ಲ. ನಮ್ಮ ಗಾಡಿನೇ ಸರಿಯಾಗಿದೆ."

ನಮ್ಮ ಗಾಡಿ ಎಂದರು. ಆ ಹೊತ್ತಿಗೆ ಗೇರು ಕರ್ರೆಂದು ಕಿರುಚಿತು. ಯಶೋದಾಳ ಕೈಯಲ್ಲಿ ಅಂಥ ಸದ್ದು ನಾನು ಎಂದೂ ಕೇಳಿರಲಿಲ್ಲ.

ಟೀಚರನ್ನು ಇಳಿಸಿ ನಿಟ್ಟುವಳ್ಳಿಗೆ ಬಂದೆವು. ಮನೆ ಮುಂದೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಯಶೋದಾ ಸ್ಟೀರಿಂಗ್ ಮೇಲೆ ಹಣೆ ಇಟ್ಟಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. ಬೆಳಗಿನಿಂದ ಹಿಡಿದಿಟ್ಟ ನಗು, ನಿಲ್ಲಿಸಲು ಬರಲಿಲ್ಲ. ಹಣೆ ಹಾರ್ನಿನ ಮೇಲೆ ಬಿದ್ದು ಅದು ಒಂದೇ ಸಮನೆ ಕೂಗತೊಡಗಿತು. ಇಡೀ ಬೀದಿ ಬಾಗಿಲಿಗೆ ಬಂತು. ನಮ್ಮ ಮನೆಯವರು ಬೀಡಿ ಎಸೆದು ಓಡಿಬಂದರು.

"ಏನಾತವ್ವಾ? ಕೆಲಸ ಹೋತಾ?"

"ಇಲ್ಲ ಮಾವ, ಉಳೀತು," ಎಂದಳು. ಅಷ್ಟು ಹೇಳಿ ಮತ್ತೆ ನಕ್ಕಳು, ಮತ್ತೆ ಹಾರ್ನು.

ಏನಂತೆ, ಯಾಕಂತೆ ಎಂದು ಜನ ಗಾಡಿಯ ಸುತ್ತ ಸೇರಿದರು. ಮೌಲಾ ಸಾಬ್ ಹೇಗೂ ಬೆಳಗಾಗುವುದರೊಳಗೆ ಊರಿಗೆಲ್ಲ ಸಾರುವವನೇ. ಹೇಳುವುದಾದರೆ ಅವನಿಗಿಂತ ನಾನು ಚೆನ್ನಾಗಿ ಹೇಳುತ್ತೇನೆ ಎಂದು, ಗಾಡಿಯಿಂದ ಇಳಿದು, ಕಟ್ಟೆಯ ಮೇಲೆ ಕೂತು, ಮೊದಲಿನಿಂದ ಶುರುಮಾಡಿದೆ.